ಚಲುವಮ್ಮನ ಸುಣ್ಣದ ಚುಕ್ಕಿ

ಲ್ಯಾಬಿನಲ್ಲಿ ಎಲೆಯಡಿಕೆ ಹಾಕಬಾರದು ಎಂದು ಚಲುವಮ್ಮನಿಗೆ ಹೇಳಿ ಹೇಳಿ ನಾನು ಸೋತಿದ್ದೆ. ಕೊನೆಗೆ ಒಂದು ಬೋರ್ಡನ್ನೇ ಬರೆಸಿ ಬಾಗಿಲ ಪಕ್ಕ ತೂಗುಹಾಕಿದೆ. ಚಲುವಮ್ಮ ದಿನಾ ಬೆಳಗ್ಗೆ ಆ ಬೋರ್ಡಿನ ಧೂಳನ್ನು ಬಲು ಶ್ರದ್ಧೆಯಿಂದ ಒರೆಸುತ್ತಿದ್ದರು. ಒರೆಸಿ ಆದಮೇಲೆ ಹಿಂಬಾಗಿಲಿನಿಂದ ಆಚೆ ಹೋಗಿ, ಕಲ್ಲಿನ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಒಳಗೆ ಹಾಕಬಾರ್ದು ಅಂತ ತಾನೆ ಬರೆಸಿರೋದು? ನಾನು ಆಚೆಗೆ ಕುಂತಿವ್ನಿ" ಎನ್ನುತ್ತಿದ್ದರು. ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೆ?

ಸೊಂಟದ ಚೀಲದಲ್ಲಿ ಸದಾ ಇರುತ್ತಿದ್ದ ಆ ಪುಟ್ಟ ಹಿತ್ತಾಳೆಯ ಸುಣ್ಣದ ಡಬ್ಬಿಯ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಎಂದು ಈಗ ನೆನೆದರೆ ನಗು ಬರುತ್ತದೆ. ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಬಂದದ್ದು ಆ ಡಬ್ಬಿಯಿಂದ.

ನಾನು ಲತಾಮಣಿ. ಈಗ ಬೇಲೂರಿನ ಕಾಲೇಜೊಂದರಲ್ಲಿ ಜೀವರಸಾಯನ ವಿಜ್ಞಾನ ಪಾಠ ಮಾಡುತ್ತೇನೆ. ಅದಕ್ಕೆ ಮೊದಲು ನಾಲ್ಕು ವರ್ಷ ಅರಸೀಕೆರೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಕೇಂದ್ರ ಅಂದರೆ ಏನೋ ಅಂದುಕೊಳ್ಳಬೇಡಿ. ಹಳೆಯದೊಂದು ಕೊಬ್ಬರಿ ಗೋದಾಮಿಗೆ ಸುಣ್ಣ ಬಳಿದು, ಒಳಗೆ ಕಲ್ಲಿನ ಮೇಜುಗಳನ್ನು ಹಾಕಿ ಲ್ಯಾಬು ಮಾಡಿದ್ದರು. ಜಂಕ್ಷನ್ನಿಗೆ ರೈಲು ಬಂದಾಗಲೆಲ್ಲ ಗಾಜಿನ ಸಾಮಾನು ಕಿಣಿಕಿಣಿ ಅನ್ನುತ್ತಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಒಂದು ಮೂಲೆಯಿಂದ ಹಳೆಯ ಕೊಬ್ಬರಿ ವಾಸನೆ, ಇನ್ನೊಂದು ಮೂಲೆಯಿಂದ ನಾವು ಬೆಳೆಸುತ್ತಿದ್ದ ಯೀಸ್ಟಿನ ಹುಳಿ ವಾಸನೆ. ಹುದುಗು ಬಂದ ದೋಸೆಹಿಟ್ಟಿನ ವಾಸನೆ ಎಲ್ಲಿಯಾದರೂ ಬಡಿದರೆ ನನಗೆ ಇವತ್ತಿಗೂ ಆ ಗೋದಾಮೇ ಕಣ್ಣ ಮುಂದೆ ಬರುತ್ತದೆ. ಅಲ್ಲಿದ್ದವರು ಮೂರೇ ಜನ: ಮುಖ್ಯಸ್ಥರಾದ ಡಾ. ಮೋಹನ್‌ಕುಮಾರ್, ಅವರ ಕೈಕೆಳಗೆ ನಾನು, ಮತ್ತೆ ನಮ್ಮಿಬ್ಬರ ಹಿಂದೆ ತೊಳೆದು ಬಳಿದು ಮಾಡುತ್ತಿದ್ದ ಅಟೆಂಡರ್ ಚಲುವಮ್ಮ.

ನಾವು ಮಾಡುತ್ತಿದ್ದ ಕೆಲಸಕ್ಕೆ ಜೈವಿಕ ಇಂಧನ ಕೋಶ ಎಂಬ ದೊಡ್ಡ ಹೆಸರಿತ್ತು. ಸುಲಭವಾಗಿ ಹೇಳುವುದಾದರೆ ಸಕ್ಕರೆ ತಿಂದು ಕರೆಂಟು ಕೊಡುವ ಬ್ಯಾಟರಿ. ನಮ್ಮ ಸೀಮೆಯ ಕಾಯಿಪುಡಿ ಕಾರ್ಖಾನೆಗಳು ಕೊಡಗಟ್ಟಲೆ ಕಾಯಿನೀರನ್ನು ಮೋರಿಗೆ ಬಿಡುತ್ತವೆ. ಅದರಲ್ಲಿ ಸಕ್ಕರೆ ಇದೆ. ಬ್ಯಾಟರಿಯ ಒಂದು ತುದಿಯಲ್ಲಿ ಕೂತ ಕಿಣ್ವ ಆ ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು ಕೀಳುತ್ತದೆ. ಅವು ತಂತಿಯಲ್ಲಿ ಹರಿದು ಬಂದಾಗ ಇನ್ನೊಂದು ತುದಿಯ ಕಿಣ್ವ ಅವನ್ನು ಗಾಳಿಯಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಹರಿಯುವುದೇ ಕರೆಂಟು. ಮೊದಲ ಕಿಣ್ವ ಸಾಧು ಪ್ರಾಣಿ. ಎರಡನೆಯದು ನಮ್ಮ ಪ್ರಾಣ ತಿನ್ನುತ್ತಿತ್ತು. ಮಾದಿಹಳ್ಳಿಯ ತೋಟವೊಂದರಲ್ಲಿ ಬಿದ್ದ ತೆಂಗಿನ ಮರದ ಮೇಲೆ ಬೆಳೆದ ಅಣಬೆಯಿಂದ ತಂದ ಕಿಣ್ವ ಅದು. ಎರಡು ದಿನ ಶೂರನ ಹಾಗೆ ದುಡಿದು ಮೂರನೇ ದಿನಕ್ಕೆ ಮಲಗಿಬಿಡುತ್ತಿತ್ತು.

ಅದನ್ನು ಗಟ್ಟಿ ಮಾಡುವುದೇ ನನ್ನ ಪಿಎಚ್.ಡಿ. ಕಿಣ್ವದ ವಂಶವಾಹಿಯನ್ನು ಅಲ್ಲೊಂದು ಇಲ್ಲೊಂದು ಕಡೆ ಬದಲಿಸಿ ಯೀಸ್ಟಿನೊಳಗೆ ಸೇರಿಸುತ್ತಿದ್ದೆ. ಒಂದೊಂದು ಯೀಸ್ಟೂ ಸ್ವಲ್ಪ ಬೇರೆಯಾದ ಕಿಣ್ವವನ್ನು ಮಾಡಿ ಕೊಡುತ್ತಿತ್ತು. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ ತೊಂಬತ್ತಾರು ಗುಳಿ, ಗುಳಿಗೊಂದು ಬಗೆ. ಮೇಲಿನಿಂದ ಒಂದು ಬಣ್ಣದ ದ್ರಾವಣ ಹಾಕಿದರೆ ಕಿಣ್ವ ಚುರುಕಾಗಿರುವ ಗುಳಿ ಹಸಿರಾಗುತ್ತದೆ. ಹತ್ತು ನಿಮಿಷ ಕಾಯುವುದು, ಕಡುಹಸಿರು ಬಂದದ್ದನ್ನು ಆರಿಸಿಕೊಳ್ಳುವುದು, ಮಿಕ್ಕದ್ದನ್ನು ಬಿಸಾಡುವುದು. ಸಾವಿರಾರು ಗುಳಿ ನೋಡಿದ್ದೆ. ಎಲ್ಲಾ ಮೂರನೇ ದಿನದ ಗಿರಾಕಿಗಳೇ.

ಚಲುವಮ್ಮ ಮೊದಲ ಸಲ ಪ್ಲೇಟು ನೋಡಿದಾಗ ಬಾಯಿಗೆ ಸೆರಗಿಟ್ಟು ನಕ್ಕಿದ್ದರು. "ಅಯ್ಯೋ, ಇದು ಅಳಗುಳಿ ಮಣೆ ಅಲ್ವೇನವ್ವ! ಇಷ್ಟು ಓದಿ ನೀವು ಆಡೋದು ಇದನ್ನೇ?"

ಅವರು ಹುಟ್ಟಿದ್ದು ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ. ಅಲ್ಲಿನ ಕಲ್ಲಿನ ಕೊಳದ ಮೆಟ್ಟಿಲ ಮೇಲೆ ಯಾರೋ ಯಾವ ಕಾಲದಲ್ಲೋ ಕೊರೆದ ಗುಳಿಗಳಿದ್ದವಂತೆ. ಬಟ್ಟೆ ಒಗೆಯಲು ಹೋದ ಹುಡುಗಿಯರು ಹುಣಸೆಬೀಜ ಹಾಕಿಕೊಂಡು ಆಡುತ್ತಾ ಕೂತರೆ, ಒಗೆದ ಬಟ್ಟೆ ಒಣಗಿ ಗರಿಗರಿಯಾದರೂ ಏಳುತ್ತಿರಲಿಲ್ಲವಂತೆ. ಮದುವೆಯಾಗಿ ಅರಸೀಕೆರೆ ಕಡೆಯ ಹಳ್ಳಿಗೆ ಬಂದ ಮೇಲೆ ಆಟ ಮುಗಿಯಿತು, ಅಟ್ಟ ಶುರುವಾಯಿತು.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಕೆಳಗೆ ಸಣ್ಣಗೆ ಹೊಗೆ ಹಾಕುತ್ತಾ, ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಲೊಡಲೊಡ ಅನ್ನಬೇಕು. ಆಮೇಲೆಯೇ ಇಳಿಸುವುದು. ಚಲುವಮ್ಮ ಇಪ್ಪತ್ತಾರು ವರ್ಷ ತೋಟದವರ ಅಟ್ಟಗಳಲ್ಲಿ ಬಗ್ಗಿಕೊಂಡೇ ಓಡಾಡಿದರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ನೀರಿನ ಸದ್ದು ಕೇಳಿ, "ಇದಿನ್ನೂ ಮಾತಾಡ್ತೈತೆ, ಬುಡ್ರಿ" ಎಂದು ಅವರು ಹೇಳಿದರೆ ಯಜಮಾನರೂ ಎದುರು ಮಾತಾಡುತ್ತಿರಲಿಲ್ಲ. ಗಂಡ ತೀರಿಕೊಂಡದ್ದು, ಮಗಳು ಮಂಜುಳಾಳನ್ನು ಸಾಕಿದ್ದು, ಮದುವೆ ಮಾಡಿದ್ದು, ಎಲ್ಲಾ ಆ ಹೊಗೆಯಲ್ಲೇ. ಆ ಹೊಗೆ ಎದೆಯಲ್ಲಿ ಕೂತಿತು. ಇನ್ನು ಅಟ್ಟ ಹತ್ತಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಅವರನ್ನು ಮೊದಲೇ ಬಲ್ಲ ಮೋಹನ್‌ಕುಮಾರ್ ಸರ್ ಕರೆದು ಈ ಕೆಲಸ ಕೊಟ್ಟರು. ವರ್ಷ ವರ್ಷ ಮುಂದುವರಿಸುವ ಗುತ್ತಿಗೆ ಕೆಲಸ. ಮೊದಲ ವಾರ ಕುರ್ಚಿಯ ತುದಿಯಲ್ಲಿ ಕೂತರು. ಎರಡನೇ ವಾರ ಬೆನ್ನು ಒರಗಿಸಿದರು. "ಫ್ಯಾನಿನ ಕೆಳಗೆ ಕುಂತು ದುಡಿಯೋ ಜಲ್ಮ ಬಂತಲ್ಲ" ಎಂದು ಅವತ್ತು ಅವರು ಅಂದದ್ದು ನನ್ನ ಕಿವಿಯಲ್ಲಿ ಹಾಗೇ ಇದೆ.

ಸರ್ ಒಳ್ಳೆಯವರು, ಆದರೆ ಒಂದು ವಿಷಯದಲ್ಲಿ ಯಮ. ವಂಶವಾಹಿ ಬದಲಿಸಿದ ಯೀಸ್ಟು ಹೊರಗೆ ಹೋಗಕೂಡದು. ಬಳಸಿದ ಪ್ಲೇಟುಗಳನ್ನು ಅವತ್ತು ಸಂಜೆಯೇ ಆಟೋಕ್ಲೇವಿನಲ್ಲಿ, ಅಂದರೆ ನಮ್ಮ ಅಡುಗೆಮನೆ ಕುಕ್ಕರಿನ ದೊಡ್ಡಣ್ಣನಲ್ಲಿ, ಬೇಯಿಸಿ ಕೊಲ್ಲಬೇಕು. ಹಿಂದಿನ ಅಟೆಂಡರ್ ಒಂದೇ ಒಂದು ಬಾಟಲಿಯನ್ನು ಹಾಗೇ ಸಿಂಕಿಗೆ ಸುರಿದ ಎಂದು ಅದೇ ದಿನ ಮನೆಗೆ ಕಳಿಸಿದ್ದರು. ಇದು ಚಲುವಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹತ್ತು ನಿಮಿಷದ ನನ್ನ ಪರೀಕ್ಷೆ ಮಾತ್ರ ಚಲುವಮ್ಮನಿಗೆ ಎಂದೂ ಹಿಡಿಸಲಿಲ್ಲ. "ಹತ್ ನಿಮಿಷಕ್ಕೆ ಪಾಸು ಫೇಲು ಮಾಡ್ಬುಟ್ಟೆಯಲ್ಲವ್ವ. ಇಷ್ಟು ಬೇಗ ಕಾಯಿ ಹಣೆಬರ ಗೊತ್ತಾಯ್ತದಾ?" ಎನ್ನುತ್ತಿದ್ದರು. "ಇದು ಕಾಯಿ ಅಲ್ಲ ಚಲುವಮ್ಮ, ಸೈನ್ಸು" ಎನ್ನುತ್ತಿದ್ದೆ ನಾನು. ಓದಿದ ಕೊಬ್ಬು.

ನನ್ನ ಯೋಜನೆಯ ಕೊನೆಯ ವರ್ಷದ ಆಷಾಢ ಅದು. ಸರ್ ಮೂರು ವಾರದ ತರಬೇತಿಗೆ ಹೈದರಾಬಾದಿಗೆ ಹೋಗಿದ್ದರು. ಒಂದು ಮಧ್ಯಾಹ್ನ ಚಲುವಮ್ಮ ಬಂದು ನನ್ನ ಮೇಜಿನ ಪಕ್ಕ ನಿಂತರು.

"ಲತಮ್ಮ, ಒಸಿ ಬಾ ಇಲ್ಲಿ."

ಹಿಂದಿನ ಕೋಣೆಯಲ್ಲಿ ಗಾಜಿನ ಸಾಮಾನು ಒಣಗಿಸುವ ಓವನ್ ಇತ್ತು. ಅದು ಬೆಳಗ್ಗೆಯಿಂದ ಸಂಜೆಯವರೆಗೆ ಉರಿಯುತ್ತಲೇ ಇರುತ್ತಿತ್ತು, ಅದರ ತಲೆಯ ಮೇಲೆ ಅಂಗೈ ಊರಿದರೆ ಹೆಚ್ಚು ಹೊತ್ತು ತಡೆಯಲಾಗುತ್ತಿರಲಿಲ್ಲ. ಚಲುವಮ್ಮ ಅದರ ಮೇಲಿದ್ದ ದಿನಪತ್ರಿಕೆ ಸರಿಸಿದರು. ಕೆಳಗೆ ಮೂವತ್ತಕ್ಕೂ ಹೆಚ್ಚು ಪ್ಲೇಟು. ನಾನು ಒಂದು ತಿಂಗಳಿಂದ ಬಿಸಾಡಿದ್ದ ಪ್ಲೇಟುಗಳೆಲ್ಲ ಅಲ್ಲಿ ಅಟ್ಟಿ ಕಟ್ಟಿ ಕೂತಿದ್ದವು. ಬೇಯಿಸಿರಲಿಲ್ಲ. ಮುಚ್ಚಳವೂ ಇರಲಿಲ್ಲ.

ಯಾಕೆ ಹೀಗೆ ಮಾಡಿದಿರಿ ಎಂದು ಕೂಗಿದೆ. ಅರ್ಧ ಖಾಲಿ ಕುಕ್ಕರ್ ಯಾರಾದರೂ ಹಚ್ಚುತ್ತಾರಾ, ತುಂಬಲಿ ಅಂತ ಬಿಟ್ಟೆ ಎಂದರು. ಬಿಸಿ ಜಾಗ ಕಂಡಿತು, ಮೇಲಿಟ್ಟೆ. ಇಟ್ಟ ಮೇಲೆ, ಇರಲಿ, ಯಾವುದು ಕೊನೆವರೆಗೂ ತಡೆಯುತ್ತದೋ ನೋಡೋಣ ಅನ್ನಿಸಿತಂತೆ. ಮುಚ್ಚಳ? "ಗಾಳಿ ಆಡ್ದೆ ಇದ್ರೆ ಬೂಷ್ಟು ಹಿಡೀತದೆ ಕಣವ್ವ" ಎಂದು ಮುಚ್ಚಳಗಳನ್ನೆಲ್ಲ ತೆಗೆದು ಬಕೆಟ್ಟಿಗೆ ಹಾಕಿದ್ದರು. ಪ್ಲೇಟಿನ ನಂಬರು ಇದ್ದದ್ದು ಮುಚ್ಚಳದ ಮೇಲೆ.

"ನಿಮಗೆ ಬುದ್ಧಿ ಇದೆಯಾ? ಇದು ಲ್ಯಾಬು, ನಿಮ್ಮ ಅಟ್ಟ ಅಲ್ಲ" ಎಂದುಬಿಟ್ಟೆ. ತಾಯಿಯ ವಯಸ್ಸಿನವರಿಗೆ ಹಾಗೆ ಅಂದದ್ದಕ್ಕೆ ಇವತ್ತೂ ನಾಚಿಕೆಯಾಗುತ್ತದೆ.

ಅವರು ನಾನು ಮುಗಿಸುವವರೆಗೆ ಕಾದರು. "ಬೈದಿದ್ದಾಯ್ತಾ? ಈಗ ನೋಡು" ಎಂದು ಒಂದು ಪ್ಲೇಟನ್ನು ಮುಂದೆ ಹಿಡಿದರು.

ಅವತ್ತು ನಾನು ಉಳಿಸಿ ಎಸೆಯಲು ಕೊಟ್ಟಿದ್ದ ಬಣ್ಣದ ದ್ರಾವಣವನ್ನು ಅವರು ಈ ಹಳೆಯ ಪ್ಲೇಟುಗಳಿಗೇ ಸುರಿದಿದ್ದರು, ಎರಡೂ ಒಟ್ಟಿಗೆ ಹೋಗಲಿ ಅಂತ. ಹಳೆಯ ಹಸಿರು ಎಂದೋ ಮಾಸಿಹೋಗಿ, ಮೂವತ್ತು ಪ್ಲೇಟಿನ ಎಲ್ಲಾ ಗುಳಿಯೂ ನೀರಿನ ಹಾಗೆ ಸಪ್ಪಗಿತ್ತು. ಈ ಪ್ಲೇಟಿನ ಒಂದೇ ಒಂದು ಗುಳಿ ಹಸಿರು.

"ಎಲ್ಲಾ ಸತ್ತವೆ. ಇದೊಂದು ಇನ್ನೂ ಮಾತಾಡ್ತೈತೆ" ಎಂದರು ಚಲುವಮ್ಮ.

ಆಗ ಹೊಳೆಯಿತು. ಇಷ್ಟು ದಿನ ನಾನು ಚುರುಕಿನದನ್ನು ಆರಿಸುತ್ತಿದ್ದೆ, ನನಗೆ ಬೇಕಾಗಿದ್ದದ್ದು ತಾಳುವಂಥದ್ದು. ಈ ಕಿಣ್ವ ನಿಧಾನದ್ದು, ಹತ್ತು ನಿಮಿಷದಲ್ಲಿ ತೆಳುಹಸಿರಷ್ಟೇ ಬಂದಿರುತ್ತದೆ, ನಾನು ಫೇಲು ಮಾಡಿ ಎಸೆದಿದ್ದೇನೆ. ಅದು ಓವನ್ನಿನ ಕಾವಿನಲ್ಲಿ ಒಣಗಿಯೂ ಜೀವ ಹಿಡಿದುಕೊಂಡಿದೆ. ಪ್ರತಿ ಪ್ಲೇಟಿನ ಜೋಡಿಯೊಂದು ಫ್ರೀಜರಿನಲ್ಲಿತ್ತು. ಆದರೆ ಇದು ಯಾವ ಪ್ಲೇಟು? ನಂಬರಿಲ್ಲವಲ್ಲ! ಅಳು ಬಂತು.

"ಯಾಕವ್ವ ಅಳ್ತೀಯ? ಗುರ್ತು ಹಾಕಿವ್ನಲ್ಲ" ಎಂದು ಅವರು ಪ್ಲೇಟಿನ ಪಕ್ಕ ತೋರಿಸಿದರು. ಮೂಲೆಯಲ್ಲಿ ಎರಡು ಬಿಳಿ ಚುಕ್ಕಿ. ಸುಣ್ಣ! ಅಟ್ಟದಲ್ಲಿ ಯಾವ ರಾಶಿ ಯಾವ ಕೊಯ್ಲಿನದು ಎಂದು ತಿಳಿಯಲು ಕಂಬಕ್ಕೆ ಬೆರಳಿನಲ್ಲಿ ಸುಣ್ಣದ ಚುಕ್ಕಿ ಇಡುತ್ತಾರಂತೆ. ಚಲುವಮ್ಮ ಒಂದೊಂದು ವಾರವನ್ನೂ ಒಂದೊಂದು ಕೊಯ್ಲು ಮಾಡಿಕೊಂಡಿದ್ದರು. ಎರಡು ಚುಕ್ಕಿ ಅಂದರೆ ಎರಡನೇ ವಾರ. "ಮದ್ಲು ಬಂದದ್ದು ಕೆಳಗೆ, ಆಮೇಕೆ ಬಂದದ್ದು ಮೇಲೆ. ಇದು ಆ ವಾರದಾಗೆ ಕೆಳಗಿಂದ ನಾಕನೇದು."

ನೋಟ್‌ಬುಕ್ ತೆಗೆದೆ. ವಾರಕ್ಕೆ ಎಂಟು ಪ್ಲೇಟು, ಎರಡನೇ ವಾರದ ನಾಲ್ಕನೆಯದು ಹನ್ನೆರಡನೇ ಪ್ಲೇಟು. ಇಪ್ಪತ್ತು ದಿನದ ಹಿಂದಿನದು. ಫ್ರೀಜರಿನಿಂದ ಅದರ ಜೋಡಿಯನ್ನು ತೆಗೆದು, ಅದೇ ಗುಳಿಯ ಯೀಸ್ಟನ್ನು ಬೆಳೆಸಿ, ಕಿಣ್ವವನ್ನು ಬ್ಯಾಟರಿಗೆ ಕೂರಿಸಿ, ಸಾಸಿವೆಯಷ್ಟು ಸಣ್ಣ ಕೆಂಪು ದೀಪವೊಂದಕ್ಕೆ ತಂತಿ ಕೊಟ್ಟೆವು. ಮೂರನೇ ದಿನ ಇಬ್ಬರೂ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ದೀಪ ಆರಲಿಲ್ಲ. ಐದನೇ ದಿನವೂ ಆರಲಿಲ್ಲ. ಚಲುವಮ್ಮ ಬೆಳಗ್ಗೆ ಬಂದವರೇ ಚಪ್ಪಲಿ ಬಿಟ್ಟು ಮೊದಲು ಅದನ್ನೇ ನೋಡುತ್ತಿದ್ದರು. ದಿನಾ ಕಾಯಿನೀರು ಹಾಕುವ ಕೆಲಸ ಅವರದೇ, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ದಿನಗಳು ಮತ್ತೆ ಬರಲಿಲ್ಲ ಎಂದರೆ ನಂಬುತ್ತೀರಾ? ಪಿಎಚ್.ಡಿ. ಬಂದ ದಿನವೂ ಅಷ್ಟು ಸಂತೋಷವಾಗಲಿಲ್ಲ.

ಹನ್ನೆರಡನೇ ದಿನ ಸರ್ ವಾಪಸ್ ಬರುವವರಿದ್ದರು. ಆಗ ನನಗೆ ಹೆದರಿಕೆ ಹತ್ತಿತು. ಒಂದು ತಿಂಗಳಿನ ಪ್ಲೇಟುಗಳನ್ನು ಬೇಯಿಸದೆ ಇಟ್ಟದ್ದು ತಿಳಿದರೆ ಚಲುವಮ್ಮನ ಕೆಲಸ ಅವತ್ತೇ ಹೋಗುತ್ತದೆ. ಮತ್ತೆ ಹೊಗೆ, ಮತ್ತೆ ಅಟ್ಟ. ನಾನು ಬೇಗ ಬಂದು ಪ್ಲೇಟುಗಳನ್ನೆಲ್ಲ ಸರಿಯಾಗಿ ಜೋಡಿಸಿ, ನಂಬರು ಬರೆದು ಅಂಟಿಸಿದೆ. ಆಮೇಲೆ ಒದ್ದೆ ಹತ್ತಿ ತೆಗೆದುಕೊಂಡು ಒಂದೊಂದೇ ಸುಣ್ಣದ ಚುಕ್ಕಿಯನ್ನು ಒರೆಸಿಹಾಕಿದೆ.

ಅವತ್ತು ಚಲುವಮ್ಮ ಅಂಚು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಬಾಯಲ್ಲಿ ಎಲೆಯೂ ಇರಲಿಲ್ಲ. ಯಾರದೋ ಮನೆಯ ಶುಭಕಾರ್ಯಕ್ಕೆ ಹೋಗುವವರೇನೋ ಅಂದುಕೊಂಡೆ.

ಸರ್ ದೀಪ ನೋಡಿದರು, ತಾರೀಖು ನೋಡಿದರು, ಮತ್ತೆ ದೀಪ ನೋಡಿದರು. "ಹನ್ನೆರಡು ದಿನವಾ? ಇದು ಹೇಗೆ ಸಿಕ್ಕಿತು ಲತಾ?"

ಚಲುವಮ್ಮ ಒಂದು ಹೆಜ್ಜೆ ಮುಂದೆ ಬಂದರು. ನಾನು ಅವರಿಗಿಂತ ಮೊದಲೇ ಬಾಯಿ ತೆರೆದೆ. "ನಾನೇ ಓವನ್ ಮೇಲೆ ಇಡಿಸಿದ್ದೆ ಸರ್, ಯಾವುದು ತಾಳುತ್ತೆ ನೋಡೋಣ ಅಂತ. ನಿಮ್ಮನ್ನ ಕೇಳದೆ ಮಾಡಿದ್ದು ತಪ್ಪಾಯ್ತು."

"ಹೌದೇನಮ್ಮ?" ಎಂದು ಸರ್ ಚಲುವಮ್ಮನತ್ತ ತಿರುಗಿದರು.

ಅವರು ನನ್ನ ಮುಖ ನೋಡಿದರು. ಆಮೇಲೆ ಓವನ್ನಿನ ಕಡೆ ನೋಡಿದರು, ಒರೆಸಿದ ಪ್ಲೇಟುಗಳು ಕಂಡಿರಬೇಕು. "ಹೂಂ ಸಾರ್. ಮೇಡಮ್ಮೋರು ಹೇಳುದ್ರು, ನಾನಿಟ್ಟೆ."

ನಿಯಮ ಮುರಿದದ್ದಕ್ಕೆ ಸರ್ ನನಗೆ ಎರಡು ಮಾತು ಬೈದರು, ಮೂರನೇ ಮಾತಿಗೆ ಕೈ ಕುಲುಕಿದರು. ನನ್ನ ಪ್ರಬಂಧ ಪ್ರಕಟವಾಯಿತು. ಚುರುಕಿಗಿಂತ ತಾಳಿಕೆಯನ್ನು ಮೊದಲು ಪರೀಕ್ಷಿಸುವ ನನ್ನ ಉಪಾಯವನ್ನು ಬಲ್ಲವರು ಹೊಗಳಿದರು. ನನ್ನ ಉಪಾಯ! ಬೇಲೂರಿನಲ್ಲಿ ಕೆಲಸವೂ ಸಿಕ್ಕಿತು. ಚಲುವಮ್ಮನ ಕೆಲಸ ಉಳಿಸಲು ಸುಳ್ಳು ಹೇಳಿದೆ, ಇದರಲ್ಲಿ ತಪ್ಪೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅವತ್ತಿನಿಂದ ಚಲುವಮ್ಮ ಪ್ರತಿ ಪ್ಲೇಟನ್ನೂ ಅದೇ ಸಂಜೆ ಬೇಯಿಸಿಬಿಡುತ್ತಿದ್ದರು. ಅಳಗುಳಿ ಮಣೆ ಎಂದು ಮತ್ತೆ ನಗಲಿಲ್ಲ. ಇಬ್ಬರೇ ಇದ್ದಾಗಲೂ ನಾನು ಅವರಿಗೆ ಲತಮ್ಮ ಆಗಿ ಉಳಿಯಲಿಲ್ಲ, ಮೇಡಮ್ಮೋರು ಆದೆ. ನಾನು ಬೇಲೂರಿಗೆ ಹೊರಟ ದಿನ ಬಸ್ಸಿನವರೆಗೆ ನನ್ನ ಚೀಲ ಹೊತ್ತು ತಂದು ಕೊಟ್ಟು ಹೋದರು.

ಏಳು ವರ್ಷ ಕಳೆಯಿತು. ಯೋಜನೆ ಮುಗಿದು ಆ ಕೇಂದ್ರವೂ ಮುಚ್ಚಿತು. ಗೋದಾಮಿನಲ್ಲಿ ಈಗ ಮತ್ತೆ ಕೊಬ್ಬರಿ ಇದೆಯಂತೆ. ಹೋದ ತಿಂಗಳು ನನ್ನ ಆ ಪ್ರಯೋಗದ ಬಗ್ಗೆ ಪಾಠ ಮಾಡುತ್ತಿದ್ದಾಗ ಶಿಲ್ಪಶ್ರೀ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. "ಮೇಡಂ, ಇನ್‌ಕ್ಯುಬೇಟರ್ ಇತ್ತಲ್ವಾ? ಅದರಲ್ಲಿ ಟೆಂಪರೇಚರ್ ಸೆಟ್ ಮಾಡಬಹುದಿತ್ತು. ಓವನ್ ತಲೆ ಮೇಲೆ ಯಾಕೆ ಇಟ್ರಿ?"

ನಾಳೆ ಹೇಳುತ್ತೇನೆ ಎಂದು ಪುಸ್ತಕ ಮುಚ್ಚಿದೆ. ಇಟ್ಟವಳು ನಾನಾಗಿದ್ದರೆ ತಾನೆ?

ಆ ಭಾನುವಾರವೇ ಹಳೇಬೀಡಿನ ಬಸ್ಸು ಹತ್ತಿದೆ. ಚಲುವಮ್ಮ ಈಗ ಹುಲಿಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಮಂಜುಳಾಳನ್ನು ತಮ್ಮ ಅಣ್ಣನ ಮಗನಿಗೇ ಕೊಟ್ಟಿದ್ದರಿಂದ ಕೊನೆಗೆ ಹುಟ್ಟಿದೂರಿಗೇ ಬಂದು ಸೇರಿದ ಹಾಗಾಯಿತು. ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತಿದ್ದರು. ಕೆಮ್ಮು ಹಾಗೇ ಇತ್ತು, ಸುಣ್ಣದ ಡಬ್ಬಿಯೂ ಹಾಗೇ ಇತ್ತು. ನಾನು ತಂದ ವೀಳ್ಯದೆಲೆಯ ಕಟ್ಟು ನೋಡಿ ಕಣ್ಣರಳಿಸಿದರು.

"ಬೋರ್ಡು ಬರೆಸಿದೋಳು ಎಲೆ ತಂದವ್ಳೆ! ಮಳೆ ಬತ್ತದೆ ಬಿಡು ಇವತ್ತು."

ಮಂಜುಳಾ ಕಾಫಿ ತರಲು ಒಳಗೆ ಹೋದಳು. ನಾನು ತಡಮಾಡಲಿಲ್ಲ. ಅವತ್ತು ನಿಮ್ಮ ಕೆಲಸ ಉಳಿಯಲಿ ಅಂತ ಸುಳ್ಳು ಹೇಳಿದೆ, ಆಮೇಲೆ ಅದರ ಫಲವನ್ನೆಲ್ಲ ನಾನೇ ತಿಂದೆ, ನನ್ನನ್ನು ಕ್ಷಮಿಸಿ ಎಂದೆ. ಚಲುವಮ್ಮ ಎಲೆಯ ತೊಟ್ಟು ಮುರಿಯುತ್ತಾ ಕೇಳಿಸಿಕೊಂಡರು.

"ನನ್ ಕೆಲ್ಸ ಉಳಿಸ್ದೆ ಅಂದ್ಕಂಡಿದ್ಯಾ? ನಾನು ನಿನ್ನ ಉಳಿಸ್ದೆ ಅಂದ್ಕಂಡಿವ್ನಿ. ನಿನ್ ಮಕ ಅಂಗೆ ಬೆಳ್ಳಗಾಗಿತ್ತು. ಇಲ್ಲ ಅಂದಿದ್ರೆ ಸಾರ್ ಮುಂದೆ ನಿನ್ ಮಾನ ಹೋಗ್ತಿತ್ತು."

ಅವರು ಎಲೆಗೆ ಸುಣ್ಣ ಸವರಿ ಮಡಿಸಿದರು.

"ಅವತ್ತು ಅಂಚು ಸೀರೆ ಯಾಕೆ ಉಟ್ಕಂಡ್ ಬಂದಿದ್ದೆ ಗೊತ್ತಾ?" ಎಂದರು. "ಸಾರ್‌ಗೆ ನಾನೇ ಹೇಳಾನ ಅಂತ ಕಣವ್ವ. ಕೆಲ್ಸ ಹೋದ್ರೆ ಹೋಗ್ಲಿ, ಇದು ನಾನು ಕಂಡಿದ್ದು, ನನ್ ಬಾಯಿಂದ್ಲೇ ಹೇಳ್ಬೇಕು ಅಂತ ದಾರಿ ಉದ್ದಕ್ಕೂ ಬಾಯ್‌ಪಾಠ ಮಾಡ್ಕಂಡ್ ಬಂದಿದ್ದೆ. ನೀನು ಮದ್ಲೇ ಹೇಳ್ಬುಟ್ಟೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಜಗಲಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಕಾಫಿ ತಂದ ಮಂಜುಳಾ ಗಾಬರಿಯಾಗಿ ಲೋಟ ಹಿಡಿದುಕೊಂಡು ನಿಂತಳು.

ಕಣ್ಣೊರೆಸಿಕೊಂಡು ಮೊಬೈಲ್ ತೆಗೆದೆ. ಸರ್ ಈಗ ನಿವೃತ್ತರಾಗಿ ಹಾಸನದಲ್ಲಿದ್ದಾರೆ. "ಈಗ ಹೇಳ್ತೀರಾ? ನಾನು ಬಾಯಿ ಬಿಡಲ್ಲ" ಎಂದೆ. ಚಲುವಮ್ಮ ನನ್ನನ್ನೇ ನೋಡಿದರು. ಆಮೇಲೆ ಮಡಿಸಿದ್ದ ಎಲೆಯನ್ನು ಪಕ್ಕಕ್ಕಿಟ್ಟು, ಎದ್ದು ಹೋಗಿ ಬಾಯಿ ಮುಕ್ಕಳಿಸಿ, ಸೆರಗು ಸರಿಮಾಡಿಕೊಂಡು ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಸರ್ ನಂಬರು ಒತ್ತಿ, ಸ್ಪೀಕರ್ ಜೋರು ಮಾಡಿ ಫೋನನ್ನು ಅವರ ಮುಂದೆ ಹಿಡಿದೆ.

"ಸಾರ್, ನಾನು ಚಲುವಮ್ಮ, ಲ್ಯಾಬಿನ ಚಲುವಮ್ಮ. ಹನ್ನೆರಡ್ನೇ ಪ್ಲೇಟು ಓವನ್ ಮ್ಯಾಲೆ ಇಟ್ಟಿದ್ದು ನಾನು ಸಾರ್. ಯಾರೂ ಹೇಳಿರ್ಲಿಲ್ಲ. ಬೇಯಿಸ್ದೆ ಇಟ್ಟಿದ್ದು ತಪ್ಪು. ಆದ್ರೆ ಆ ಹಸಿರು ಗುಳಿ ಮದ್ಲು ಕಂಡಿದ್ದು ನಾನೇಯ."

ಹೇಳಿ ಮುಗಿಸಿ, ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹಿಡಿದುಕೊಂಡರು.

"ಓವನ್ ಮೇಲೇ ಯಾಕೆ ಇಟ್ರಿ ಚಲುವಮ್ಮ?" ಎಂದರು ಸರ್. ಬೈಗುಳದ ದನಿಯಲ್ಲ, ಹೊಸ ಫಲಿತಾಂಶ ಬಂದಾಗ ನನ್ನನ್ನು ಕೇಳುತ್ತಿದ್ದ ದನಿ ಅದು. "ಮುಚ್ಚಳ ಯಾಕೆ ತೆಗೆದ್ರಿ? ಎಷ್ಟು ದಿನ ಇಡಬೇಕು ಅಂತ ಹೇಗೆ ಗೊತ್ತಾಯ್ತು? ಇರಿ ಇರಿ, ಪೆನ್ನು ತಗೊಂಡ್ ಬರ್ತೀನಿ."

ಚಲುವಮ್ಮ ನನ್ನ ಕಡೆ ನೋಡಿ ಮೊದಲಿನ ಹಾಗೆ ಬಾಯಿಗೆ ಸೆರಗಿಟ್ಟು ನಕ್ಕರು. ಫೋನಿನಲ್ಲಿ ಡ್ರಾಯರ್ ಎಳೆದ ಸದ್ದು, ಕಾಗದದ ಸದ್ದು, ಕುರ್ಚಿಯ ಸದ್ದು.

"ತಗಂಡ್ರಾ ಸಾರ್? ಬರ್ಕಳಿ" ಎಂದು ಅವರು ಮೊದಲನೇ ಕೊಯ್ಲಿನಿಂದ ಶುರುಮಾಡಿದರು.